ಗೇಮಿಂಗ್ ಸೆಂಟರ್‌ನಲ್ಲಿ ಪಿಂಗ್ ಏರಿಳಿತ: ವೈಫೈ, ಮೆಶ್, ಕೇಬಲ್ ಎಲ್ಲಾ ಹಚ್ಚಿ ನೋಡಿದ ಮೇಲೆ

ಪಿಂಗ್ ಅಂದರೆ ನಮ್ಮ ಯಂತ್ರದಿಂದ ಡೇಟಾ ಹೋಗಿ ಉತ್ತರ ವಾಪಸ್ ಬರೋಕೆ ಹಿಡಿಯೋ ಹೊತ್ತು, ಮಿಲಿಸೆಕೆಂಡ್ ಲೆಕ್ಕದಲ್ಲಿ. ಅದು 35 ಇದ್ದರೂ ಆರಾಮಾಗಿ ಆಡಬಹುದು. ಆದರೆ 35 ಇದ್ದದ್ದು ಒಮ್ಮೆಲೇ 140ಕ್ಕೆ ಹಾರಿ ಮತ್ತೆ 40ಕ್ಕೆ ಇಳಿದರೆ ಆಡೋಕೆ ಆಗಲ್ಲ. ಗುರಿ ಇಟ್ಟು ಹೊಡೆದಾಗ ಎದುರಾಳಿ ಪರದೆ ಮೇಲೆ ಅಲ್ಲೇ ನಿಂತಿರುತ್ತಾನೆ. ಸರ್ವರ್ ಲೆಕ್ಕದಲ್ಲಿ ಮಾತ್ರ ಅವನು ಆಗಲೇ ಗೋಡೆ ಹಿಂದೆ ಸರಿದಿರುತ್ತಾನೆ. ಸೋತ ಹುಡುಗನಿಗೆ ಸಿಟ್ಟು ಬರೋದು ನ್ಯಾಯವೇ ಅಲ್ವಾ? ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತಿರುತ್ತಾನೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಕಾಕಾನ ಮಗ, ಅಂದರೆ ನಮ್ಮಣ್ಣ, ಗೇಮಿಂಗ್ ಸೆಂಟರ್ ನಡೆಸುತ್ತಾನೆ. ನೆಟ್‌ವರ್ಕ್ ನೋಡಿಕೊಳ್ಳೋದು ನಾನು. ಮಳಿಗೆ ಉದ್ದಕ್ಕಿದೆ. ಮುಂದೆ ಶಟರ್, ಎರಡೂ ಗೋಡೆಗೆ ಸಾಲಾಗಿ ಹತ್ತು ಪಿಸಿ, ನಡುವೆ ಪ್ಲೇಸ್ಟೇಷನ್ ಕನ್ಸೋಲ್‌ಗಳು: ಎರಡು ಪಿಎಸ್5 ಮತ್ತು ಒಂದು ಹಳೇ ಪಿಎಸ್4. ಹಿಂದೆ ಸೋಫಾ. ಅಲ್ಲಿ ಬಿಜಿಎಂಐ ಅನ್ನೋ ಮೊಬೈಲ್ ಶೂಟಿಂಗ್ ಆಟ ಆಡುವವರು ತಮ್ಮ ತಮ್ಮ ಮೊಬೈಲ್ ಹಿಡಿದು ಕೂರುತ್ತಾರೆ. ಮೇಲಿನ ಅಂತಸ್ತುಗಳಲ್ಲೆಲ್ಲಾ ಪಿಜಿ, ರೂಮಿಗೊಂದು ರೂಟರ್. ಸಂಜೆ ಕಾಲೇಜು ಬಿಟ್ಟ ಮೇಲೆ "ಅಣ್ಣಾ, ಮತ್ತ ಲ್ಯಾಗ್ ಆಗಾಕತ್ತೈತಿ ನೋಡ್ರಿ" ಅನ್ನೋದು ಶುರುವಾಗುತ್ತಿತ್ತು. ಅಣ್ಣ ನನ್ನ ಕಡೆ ನೋಡಿ, "ತಮ್ಮಾ, ಇನ್ನೂ ದೊಡ್ಡ ಪ್ಲಾನ್ ಹಾಕಿಸೂಣೇನು?" ಅನ್ನುತ್ತಿದ್ದ.

ದೊಡ್ಡ ಪ್ಲಾನ್ ಇದಕ್ಕೆ ಮದ್ದಲ್ಲ. ಒಂದು ಆಟಕ್ಕೆ ಬೇಕಾಗೋದು ಸೆಕೆಂಡಿಗೆ ಹೆಚ್ಚುಕಡಿಮೆ 1 ಮೆಗಾಬಿಟ್ ಅಷ್ಟೇ. ಬೇಕಾದ್ದು ಆ ಸಣ್ಣ ಡೇಟಾ ಹೊತ್ತಿಗೆ ಸರಿಯಾಗಿ ತಲುಪೋದು. ವ್ಯಾಲರಂಟ್ ಅನ್ನೋ ಶೂಟಿಂಗ್ ಆಟದ ಸರ್ವರ್ ಸೆಕೆಂಡಿಗೆ 128 ಸಲ ಆಟದ ಲೆಕ್ಕ ಹಾಕುತ್ತದೆ, ಅಂದರೆ 8 ಮಿಲಿಸೆಕೆಂಡಿಗೂ ಕಡಿಮೆ ಅಂತರಕ್ಕೊಮ್ಮೆ. ಅದರ ಮುಂಬೈ ಸರ್ವರ್ 2020ರಲ್ಲೇ ಬಂದಿದೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹಾಗಾಗಿ ಸಾವಿರ ಕಿ.ಮೀ. ಹೋಗಿ ಬರೋಕೆ 10 ಮಿಲಿಸೆಕೆಂಡ್ ಬೇಕೇ ಬೇಕು. ನಮ್ಮ ಲೈನ್ ಬೆಂಗಳೂರು ಸುತ್ತಿಕೊಂಡು ಮುಂಬೈಗೆ ಹೋದರೆ ಆ ದೂರದ ಪಿಂಗ್ ಅನ್ನು ಯಾವ ರೂಟರೂ ಇಳಿಸಲಾರದು. ನಮ್ಮ ಕೈಯಲ್ಲಿರೋದು ಮಳಿಗೆ ಒಳಗಿನ ಭಾಗ ಮಾತ್ರ.

ಅಳೆಯೋಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಒಂದು ಪಿಸಿಯಲ್ಲಿ ಎರಡು ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆರೆದೆ. ಒಂದರಲ್ಲಿ ನಮ್ಮದೇ ರೂಟರ್‌ಗೆ, ಅಂದರೆ 192.168.1.1ಕ್ಕೆ, ನಿಲ್ಲದೆ ಪಿಂಗ್. ಇನ್ನೊಂದರಲ್ಲಿ ಹೊರಗಿರುವ ಗೂಗಲ್‌ನ ಸರ್ವರ್ 8.8.8.8ಕ್ಕೆ. ರೂಟರ್ ಪಿಂಗ್ ಹಾರಿದರೆ ತೊಂದರೆ ವೈಫೈನಲ್ಲಿದೆ. ರೂಟರ್ ಪಿಂಗ್ ಸ್ಥಿರವಾಗಿದ್ದು ಹೊರಗಿನದು ಮಾತ್ರ ಹಾರಿದರೆ ಲೈನ್ ತುಂಬಿದೆ ಅಥವಾ ಆಚೆ ಏನೋ ಆಗಿದೆ. ಯಾವುದನ್ನು ಹಚ್ಚಿದರೂ ಮಳಿಗೆ ತುಂಬಿದಾಗಲೇ ಅಳೆದೆ. ಬೆಳಗ್ಗೆ ಖಾಲಿ ಇದ್ದಾಗ ಎಲ್ಲವೂ ಚೆನ್ನಾಗೇ ಕಾಣುತ್ತವೆ.

ಮೊದಲು ಇದ್ದದ್ದು ಲೈನ್ ಜೊತೆ ಬಂದ ಒಂದೇ ರೂಟರ್, 2.4 ಗಿಗಾಹರ್ಟ್ಸ್ ಬ್ಯಾಂಡ್‌ನದು (ಬ್ಯಾಂಡ್ ಅಂದರೆ ವೈಫೈ ಓಡುವ ರೇಡಿಯೋ ತರಂಗಗಳ ಪಟ್ಟಿ). ರೂಟರ್ ಪಿಂಗ್ 3, 4, 3, 88, 5, 150 ಅಂತ ಬರುತ್ತಿತ್ತು. ಹತ್ತು ಅಡಿ ದೂರದ ಡಬ್ಬಿಗೆ 150! ಕಾರಣ ಸ್ಪಷ್ಟ. ವೈಫೈ ಒಂದೇ ಹಳಿಯ ರೈಲು ಮಾರ್ಗ ಇದ್ದಂತೆ, ಎದುರಿನ ಗಾಡಿ ದಾಟುವವರೆಗೆ ಈ ಕಡೆಯ ಗಾಡಿ ನಿಲ್ಲಲೇಬೇಕು. ಒಂದು ಚಾನಲ್‌ನಲ್ಲಿ, ಅಂದರೆ ಬ್ಯಾಂಡ್‌ನ ಒಂದು ತುಂಡಿನಲ್ಲಿ, ಒಂದು ಸಲಕ್ಕೆ ಒಬ್ಬರೇ ಕಳಿಸಬೇಕು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನಲ್ ಇರೋದು ಮೂರೇ: 1, 6, 11. ಮೇಲಿನ ಪಿಜಿಯ ರೂಟರ್‌ಗಳೆಲ್ಲಾ ಅಲ್ಲೇ ಇವೆ. ಬ್ಲೂಟೂತ್ ಕಂಟ್ರೋಲರ್, ವೈರ್‌ಲೆಸ್ ಮೌಸ್ ಕೂಡ ಅಲ್ಲೇ. ಪಕ್ಕದ ಬೇಕರಿಯವರು ಪಫ್ಸ್ ಬಿಸಿ ಮಾಡೋ ಮೈಕ್ರೋವೇವ್ ಕೆಲಸ ಮಾಡೋದೂ 2.45ರಲ್ಲಿ. ಗೋಡೆಗೆ ಹತ್ತಿದ ಪಿಸಿಯಲ್ಲಿ ಪಿಂಗ್ ಏರಿದಾಗ ಆಚೆ ಓವನ್ ಗುಂಯ್‌ಗುಟ್ಟೋದು ಕೇಳಿಸುತ್ತಿತ್ತು. ಕೈಯಾರೆ ಚಾನಲ್ 11ಕ್ಕೆ ಹಾಕಿದೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ.

ಪಿಸಿಗಳಿಗೆ ಹಚ್ಚಿದ್ದ ಸಣ್ಣ ಯುಎಸ್‌ಬಿ ವೈಫೈ ಡಾಂಗಲ್ ಬಗ್ಗೆಯೂ ಹೇಳಬೇಕು. ಇವು ಪಿಸಿ ಹಿಂದೆ, ತಗಡಿಗೆ ಅಂಟಿಕೊಂಡು, ಗೋಡೆ ಕಡೆ ಮುಖ ಮಾಡಿ ಕೂರುತ್ತವೆ. ಜೊತೆಗೆ ಯುಎಸ್‌ಬಿ 3.0 ಪೋರ್ಟ್‌ನಿಂದಲೇ 2.4ರಲ್ಲಿ ಗದ್ದಲ ಹೊರಡುತ್ತದೆ. ಇಂಟೆಲ್ ಕಂಪನಿ ಇದನ್ನು 2012ರಲ್ಲೇ ಬರೆದು ತಿಳಿಸಿದೆ. ಡಾಂಗಲ್‌ಗೆ ಒಂದು ಎಕ್ಸ್‌ಟೆನ್ಷನ್ ವೈರ್ ಕೊಟ್ಟು ಟೇಬಲ್ ಮೇಲೆ ತಂದಿಟ್ಟರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ. ಪಿಸಿ ಒಳಗೆ ಹಾಕುವ, ಹೊರಗೆ ಆಂಟೆನಾ ಇರುವ ಕಾರ್ಡ್ ಇದಕ್ಕಿಂತ ಎಷ್ಟೋ ವಾಸಿ.

ಆಮೇಲೆ 5 ಗಿಗಾಹರ್ಟ್ಸ್. ಇಲ್ಲಿ ಜಾಗ ಜಾಸ್ತಿ. 2018ರಲ್ಲಿ ಕೇಂದ್ರ ಸರ್ಕಾರ ಈ ಬ್ಯಾಂಡ್‌ನ ಬಹುಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿದೆ. ಮೇಲಿನ ಸ್ಲಾಬ್ ದಾಟಿ ಬರುವಷ್ಟರಲ್ಲಿ 5ರ ಸಿಗ್ನಲ್ ಸೊರಗುತ್ತದೆ, ಹಾಗಾಗಿ ಪಿಜಿಯವರ ಕಾಟವೂ ಕಡಿಮೆ. ರೂಟರ್ ಪಿಂಗ್ 2ರಿಂದ 5ರೊಳಗೆ ಬಂತು. ಆಗೊಮ್ಮೆ ಈಗೊಮ್ಮೆ 40 ಮುಟ್ಟುತ್ತಿತ್ತು.

ಇಲ್ಲಿ ಎರಡು ಸೆಟ್ಟಿಂಗ್ ಮುಖ್ಯ. ಒಂದು, ಚಾನಲ್ ಅಗಲ. ರೂಟರ್ ತಾನಾಗಿ 80 ಮೆಗಾಹರ್ಟ್ಸ್ ಇಟ್ಟುಕೊಂಡಿರುತ್ತದೆ. ನಾನು 40ಕ್ಕೆ ಇಳಿಸಿದೆ. ಸ್ಪೀಡ್ ಟೆಸ್ಟ್ ಅಂಕಿ ಅರ್ಧಕ್ಕೆ ಬಿತ್ತು, ಆಟ ಮಾತ್ರ ಇನ್ನೂ ಸ್ಥಿರವಾಯಿತು. ಅಗಲ ಕಡಿಮೆಯಾದಷ್ಟೂ ನೆರೆಯವರ ಜೊತೆ ಡಿಕ್ಕಿ ಕಡಿಮೆ. ಎರಡನೆಯದು, 52ರಿಂದ 144ರವರೆಗಿನ ಚಾನಲ್‌ಗಳು. ಇವುಗಳಲ್ಲಿ ರಾಡಾರ್‌ಗೆ ದಾರಿ ಬಿಡಬೇಕು ಅನ್ನೋ ನಿಯಮ ಇದೆ. ರಾಡಾರ್ ಇದೆ ಅಂತ ರೂಟರ್‌ಗೆ ಅನುಮಾನ ಬಂದರೂ ಸಾಕು, ಚಾನಲ್ ಬಿಟ್ಟು ಓಡುತ್ತದೆ. ಮ್ಯಾಚ್ ನಡುವೆ ಎಲ್ಲರೂ ಒಟ್ಟಿಗೆ ಹೊರಗೆ. ಅದಕ್ಕೆ 36 ಇಲ್ಲವೇ 149 ಅಂತ ಗಟ್ಟಿಯಾಗಿ ಹಾಕಿಬಿಡಿ, ಆಟೋದಲ್ಲಿ ಬಿಡಬೇಡಿ.

ಹಳೇ ಪಿಎಸ್4ಗೆ ಇದು ಉಪಯೋಗಕ್ಕೆ ಬರಲ್ಲ. ಮೊದಲ ಮಾದರಿಗೆ 2.4 ಬಿಟ್ಟರೆ ಬೇರೆ ಬ್ಯಾಂಡ್ ಕಾಣೋದೇ ಇಲ್ಲ.

ಮೆಶ್ ಸೆಟ್, ಅಂದರೆ ಗಾಳಿಯಲ್ಲೇ ಒಂದಕ್ಕೊಂದು ಸಿಗ್ನಲ್ ದಾಟಿಸೋ ವೈಫೈ ಡಬ್ಬಿಗಳ ಗುಂಪು. ಅದರ ಬಗ್ಗೆ ಅಣ್ಣನಿಗೆ ತುಂಬಾ ಆಸೆ ಇತ್ತು. ಗೆಳೆಯರೊಬ್ಬರ ಮನೆಯಿಂದ ಮೂರು ಡಬ್ಬಿಯ ಸೆಟ್ ತಂದು ಹಚ್ಚಿದೆವು. ಎಲ್ಲರ ಮೊಬೈಲ್‌ನಲ್ಲೂ ಸಿಗ್ನಲ್ ಕಡ್ಡಿ ತುಂಬಿತು. ಪಿಂಗ್ ಮಾತ್ರ ಹಿಂದಿಗಿಂತ ಕೆಟ್ಟಿತು: ಸೋಫಾ ಹತ್ತಿರ 8, 12, 45, 9, 70. ಒಂದೇ ಪ್ಯಾಕೆಟ್, ಅಂದರೆ ಡೇಟಾದ ಒಂದು ಸಣ್ಣ ಕಟ್ಟು, ಮೊಬೈಲ್‌ನಿಂದ ಡಬ್ಬಿಗೆ ಒಮ್ಮೆ, ಆ ಡಬ್ಬಿಯಿಂದ ಮುಖ್ಯ ಡಬ್ಬಿಗೆ ಇನ್ನೊಮ್ಮೆ, ಎರಡು ಸಲ ಗಾಳಿಯಲ್ಲಿ ಹೋಗಬೇಕು. ಎರಡೂ ಸಲ ಸರದಿ ಕಾಯಬೇಕು. ಧಾರವಾಡದ ಮಾಳಮಡ್ಡಿ ಕಡೆ ದಪ್ಪ ಗೋಡೆಯ ಹಳೇ ಮನೆ ಇದ್ದವರು ಸುಮ್ನೆ ವಿಡಿಯೋ ನೋಡೋಕೆ ಇದನ್ನು ಧಾರಾಳವಾಗಿ ತಗೊಳ್ಳಲಿ. ಗೇಮಿಂಗ್ ಸೆಂಟರ್‌ಗೆ ನಾನು ಹೇಳಲ್ಲ. ಕರೆಂಟ್ ವೈರ್‌ನಲ್ಲೇ ಡೇಟಾ ಕಳಿಸೋ ಪವರ್‌ಲೈನ್ ಅಡಾಪ್ಟರ್ ಅಂತೂ ಬೇಡವೇ ಬೇಡ. ಇನ್‌ವರ್ಟರ್ ಶುರುವಾದ ಕ್ಷಣ ಅದರ ಪಿಂಗ್ ದಿಕ್ಕೆಡುತ್ತಿತ್ತು.

ಇಷ್ಟಾದ ಮೇಲೆ ಹತ್ತೂ ಪಿಸಿಗೆ, ಮೂರೂ ಕನ್ಸೋಲ್‌ಗೆ ಕೇಬಲ್ ಎಳೆದೆವು. 16 ಪೋರ್ಟಿನ ಗಿಗಾಬಿಟ್ ಸ್ವಿಚ್, ಕ್ಯಾಟ್ 6 ಕೇಬಲ್, ಗೋಡೆಗುಂಟ ಕೇಸಿಂಗ್ ಪಟ್ಟಿ. ಕೇಬಲ್ ತರುವಾಗ ಹುಷಾರು. ಕಡಿಮೆ ರೇಟಿಗೆ ಸಿಗೋದರಲ್ಲಿ ಬಹಳಷ್ಟು ಅಲ್ಯುಮಿನಿಯಂ ತಂತಿಗೆ ತಾಮ್ರ ಬಳಿದದ್ದು. ಬ್ಲೇಡಿನಿಂದ ತಂತಿಯನ್ನು ಸ್ವಲ್ಪ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅಂಥ ತಂತಿ ಕ್ರಿಂಪ್ ಮಾಡಿದ, ಅಂದರೆ ತುದಿಗೆ ಪ್ಲಗ್ ಒತ್ತಿ ಕೂರಿಸಿದ, ಜಾಗದಲ್ಲೇ ಮುರಿಯುತ್ತದೆ. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ ಗಿಗಾಬಿಟ್ ಎಳೆಯುತ್ತದೆ, ಹಳೇ ಕೇಬಲ್ ಇದ್ದರೆ ಕಿತ್ತು ಹಾಕಬೇಕಿಲ್ಲ.

ಕಪ್ಪು ಕಿಟಕಿಯಲ್ಲಿ ಆವತ್ತು ಕಂಡದ್ದನ್ನು ಅಣ್ಣನನ್ನೂ ಕರೆದು ತೋರಿಸಿದೆ. ಪ್ರತಿ ಸಾಲಲ್ಲೂ 1 ಮಿಲಿಸೆಕೆಂಡ್‌ಗಿಂತ ಕಡಿಮೆ. ಕೆಳಗೆ ಕೆಳಗೆ ಅದೇ ಸಾಲು. ಮಳಿಗೆ ತುಂಬಿದರೂ ಅದೇ, ಬೇಕರಿಯ ಓವನ್ ಓಡಿದರೂ ಅದೇ.

ನನಗೆ ಇದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಸೋಫಾ. ಅಲ್ಲಿ ನಾವು ಏನೂ ಬದಲಿಸಿರಲಿಲ್ಲ. ಆದರೂ ಮೊಬೈಲ್‌ನವರ ಪಿಂಗ್ ಇಳಿದಿತ್ತು. ಹದಿಮೂರು ಯಂತ್ರ ವೈಫೈ ಬಿಟ್ಟು ಹೋದ ಮೇಲೆ ಮೊಬೈಲ್‌ಗಳಿಗೆ ಸರದಿ ಬೇಗ ಸಿಕ್ಕಿತು. ವೈಫೈ ಚೆನ್ನಾಗಿರಬೇಕು ಅಂದರೆ ಮೊದಲು ಕೇಬಲ್‌ಗೆ ಹೋಗಬಹುದಾದದ್ದನ್ನೆಲ್ಲಾ ಕೇಬಲ್‌ಗೆ ಕಳಿಸಿ. ಹೊಸ ರೂಟರ್ ವಿಚಾರ ಆಮೇಲೆ.

ಆಮೇಲೆ ಮೊಬೈಲ್‌ಗಳಿಗಷ್ಟೇ ಅಂತ ಸೀಲಿಂಗ್‌ಗೆ ಎರಡು ವೈಫೈ 6 ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡೋ ಡಬ್ಬಿ) ಹಾಕಿದೆವು, ಎರಡಕ್ಕೂ ಸ್ವಿಚ್‌ನಿಂದ ಕೇಬಲ್. ಒಂದು 36ರಲ್ಲಿ, ಇನ್ನೊಂದು 149ರಲ್ಲಿ, ಎರಡೂ 40 ಅಗಲ. ಪವರ್ ಅನ್ನು ಬೇಕಂತಲೇ ಮಧ್ಯಮಕ್ಕೆ ಇಳಿಸಿದೆ. ಪೂರ್ತಿ ಇಟ್ಟರೆ ಬಾಗಿಲ ಕಡೆ ಇದ್ದ ಮೊಬೈಲ್ ಸೋಫಾ ಹತ್ತಿರ ಬಂದ ಮೇಲೂ ದೂರದ ಡಬ್ಬಿಯನ್ನೇ ಹಿಡಿದುಕೊಂಡಿರುತ್ತದೆ. ವೈಫೈ 6ರಲ್ಲಿ ಒಂದೇ ಸರದಿಯಲ್ಲಿ ಹಲವು ಮೊಬೈಲ್‌ಗೆ ಸಣ್ಣ ಸಣ್ಣ ಪ್ಯಾಕೆಟ್ ಹಂಚೋ ಓಎಫ್‌ಡಿಎಂಎ ಅನ್ನೋ ವ್ಯವಸ್ಥೆ ಇದೆ. ಆಟಕ್ಕೆ ಹೇಳಿ ಮಾಡಿಸಿದ್ದು. ಆದರೆ ಮೊಬೈಲ್ ಕೂಡ ವೈಫೈ 6 ಇರಬೇಕು. ನಮ್ಮಲ್ಲಿ ಬರೋ ಹುಡುಗರ ಮೊಬೈಲ್‌ಗಳಲ್ಲಿ ಹಳೆಯವೂ ಇವೆ, ಹಾಗಾಗಿ ಪೂರ್ತಿ ಲಾಭ ಇನ್ನೂ ಸಿಕ್ಕಿಲ್ಲ. ಈಗ ಸೋಫಾ ಮೇಲೆ ಆಕ್ಸೆಸ್ ಪಾಯಿಂಟ್‌ವರೆಗಿನ ಪಿಂಗ್ 3ರಿಂದ 8.

ಒಳಗಿನದು ಸರಿಹೋಯಿತು, ಹೊರಗಿನ ಕಿಟಕಿ ಇನ್ನೂ ಹಾರುತ್ತಿತ್ತು. ಯಾರೋ ಗೇಮ್ ಅಪ್‌ಡೇಟ್ ಹಾಕುತ್ತಾರೆ, ಯಾರೋ ಕ್ಲಿಪ್ ಅಪ್‌ಲೋಡ್ ಮಾಡುತ್ತಾರೆ. ಆಗ ಲೈನ್ ಬಾಯಲ್ಲಿ ಪ್ಯಾಕೆಟ್‌ಗಳ ಸಾಲು ಬೆಳೆದು ಆಟದ ಪ್ಯಾಕೆಟ್ ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಬಫರ್‌ಬ್ಲೋಟ್ ಅನ್ನೋದು ಇದಕ್ಕೇ. ಇಲ್ಲಿ ಎರಡು ದಾರಿ ಹೋಲಿಸಿದೆ. ಪ್ಲಾನ್ ದುಪ್ಪಟ್ಟು ಮಾಡಿಸಿದಾಗ ಅಪ್‌ಡೇಟ್ ಬೇಗ ಮುಗಿಯಿತು, ನಡೆಯುವಷ್ಟು ಹೊತ್ತು ಪಿಂಗ್ ಹಾರೋದು ಹಾಗೇ ಇತ್ತು. ಹಳೇ ಪ್ಲಾನ್‌ಗೆ ಮರಳಿ, ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದ ರೂಟರ್‌ನಲ್ಲಿ ಎಸ್‌ಕ್ಯೂಎಂ, ಅಂದರೆ ಪ್ಯಾಕೆಟ್ ಸಾಲನ್ನು ಜಾಣತನದಿಂದ ನಿಭಾಯಿಸೋ ಸೌಲಭ್ಯ, ಆನ್ ಮಾಡಿ, ಲೈನ್ ವೇಗದ ಶೇ 90ಕ್ಕೆ ಮಿತಿ ಹಾಕಿದೆ. ಆಗ ಸಾಲು ನಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ಅದು ಆಟದ ಸಣ್ಣ ಪ್ಯಾಕೆಟ್‌ಗಳನ್ನು ಮುಂದೆ ಬಿಡುತ್ತದೆ. ಅಪ್‌ಡೇಟ್ ಓಡುತ್ತಿದ್ದರೂ ಹೊರಗಿನ ಪಿಂಗ್ 5-6 ಮಿಲಿಸೆಕೆಂಡ್ ಮಾತ್ರ ಏರಿತು. ಶೇ 10ರಷ್ಟು ವೇಗ ಬಿಟ್ಟುಕೊಡೋದು ನನಗಂತೂ ದೊಡ್ಡದಲ್ಲ. ಆದರೆ ಇದಕ್ಕೆ ರೂಟರ್‌ನ ಪ್ರೊಸೆಸರ್ ಗಟ್ಟಿ ಇರಬೇಕು. ಅಗ್ಗದ ರೂಟರ್‌ನಲ್ಲಿ ಆನ್ ಮಾಡಿದರೆ ವೇಗವೇ ಕುಸಿಯುತ್ತದೆ.

ಗದಗ, ಹಾವೇರಿ ಕಡೆ ಸಣ್ಣದಾಗಿ ಐದಾರು ಪಿಸಿ ಹಾಕಿ ಶುರು ಮಾಡುವವರು ದುಡ್ಡನ್ನು ಈ ಸಾಲಲ್ಲಿ ಹಾಕಲಿ: ಮೊದಲು ಕೇಬಲ್ ಮತ್ತು ಸ್ವಿಚ್, ಆಮೇಲೆ ಎಸ್‌ಕ್ಯೂಎಂ ಓಡಿಸಬಲ್ಲ ರೂಟರ್, ಮೊಬೈಲ್ ಗಿರಾಕಿ ಜಾಸ್ತಿ ಇದ್ದರೆ ಮಾತ್ರ ಸೀಲಿಂಗ್ ಆಕ್ಸೆಸ್ ಪಾಯಿಂಟ್. ಕೆಂಪು ಲೈಟಿನ, ಎಂಟು ಆಂಟೆನಾದ ಗೇಮಿಂಗ್ ರೂಟರ್ ಈ ಪಟ್ಟಿಯಲ್ಲಿ ಇಲ್ಲ. ರೂಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್ ಮೂರನ್ನೂ ಯುಪಿಎಸ್‌ಗೆ ಹಾಕಿ. ಪಿಸಿ ಯುಪಿಎಸ್‌ನಲ್ಲಿದ್ದು ಸ್ವಿಚ್ ಇಲ್ಲದಿದ್ದರೆ, ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಇಡೀ ಮಳಿಗೆಯ ಮ್ಯಾಚ್ ಕಟ್ ಆಗುತ್ತದೆ.