ಸಾಗರದ ಗುಡಿಗಾರರ ಅಂಗಡಿಯಲ್ಲಿ ಮಾಡಿಸಿದ ಮೂರು ಪ್ರಶಸ್ತಿ ಫಲಕಗಳು

ಶಿವಮೊಗ್ಗದ ನಮ್ಮ ಸಣ್ಣ ಬಳಗವು ಪ್ರತಿವರ್ಷ ಪತ್ರಿಕೋದ್ಯಮ, ಸಾಹಿತ್ಯ ಮತ್ತು ಕಲೆಯಲ್ಲಿ ಒಳ್ಳೆಯ ಕೆಲಸ ಮಾಡಿದ ಒಬ್ಬೊಬ್ಬರನ್ನು ಕರೆದು ಗೌರವಿಸುತ್ತದೆ. ನಗದು ಕೊಡುವ ಶಕ್ತಿ ನಮಗಿಲ್ಲ. ಒಂದು ಶಾಲು, ಒಂದು ಗಂಧದ ಹಾರ, ಒಂದು ಫಲಕ, ಇಷ್ಟೇ ನಾವು ಕೊಡುವುದು. ಆದ್ದರಿಂದ ಆ ಫಲಕ ಹೇಗಿರಬೇಕು ಎಂಬುದು ನಮ್ಮ ಪಾಲಿಗೆ ಸಣ್ಣ ವಿಷಯವಲ್ಲ. ಹಿಂದಿನ ವರ್ಷಗಳಲ್ಲಿ ಅಕ್ರಿಲಿಕ್ ಹಲಗೆಗಳನ್ನು ಕೊಡುತ್ತಿದ್ದೆವು. ಕಬಡ್ಡಿ ಪಂದ್ಯಕ್ಕೂ ನಿವೃತ್ತಿಯ ಬೀಳ್ಕೊಡುಗೆಗೂ ಅದೇ ಹಲಗೆ, ಅದೇ ಬಂಗಾರದ ಬಣ್ಣದ ಅಂಚು. ಅದನ್ನು ಪಡೆದ ಹಿರಿಯರೊಬ್ಬರ ಮನೆಗೆ ಹೋದಾಗ ಫಲಕದ ಮೇಲಿನ ಹೆಸರು ಅಳಿಸಿಹೋಗಿದ್ದುದನ್ನು ಕಂಡು, ಈ ಸಲ ಮರದಲ್ಲೇ ಕೆತ್ತಿಸಬೇಕೆಂದು ತೀರ್ಮಾನಿಸಿದೆವು.

ಸಾಗರ ಇಲ್ಲಿಂದ ಸುಮಾರು 70 ಕಿಲೋಮೀಟರ್. ಸಾಗರ, ಸೊರಬದ ಗುಡಿಗಾರರ ಕೆತ್ತನೆ ನಾಡಿಗೆಲ್ಲ ಗೊತ್ತಿರುವಂಥದ್ದು. ನಾವು ಹೋದದ್ದು ಒಂದೇ ಕುಟುಂಬದವರು ನಡೆಸುವ ಅಂಗಡಿಗೆ. ಮುಂದೆ ಮಾರಾಟದ ಕೋಣೆ, ಹಿಂದೆ ಉಳಿ, ಕೊಡತಿ, ಮರದ ಹೊಟ್ಟುಗಳ ನಡುವೆ ಕೂತು ಕೆಲಸ ಮಾಡುವ ಜಗಲಿ. ಶ್ರೀಗಂಧದಲ್ಲಿ ಮಾಡಿಸಿದರೆ ನಮ್ಮ ಇಡೀ ವರ್ಷದ ಹಣವೇ ಸಾಲದೆಂಬುದು ಮೊದಲ ಮಾತಿನಲ್ಲೇ ತಿಳಿಯಿತು. ಯಜಮಾನರು ತಾವಾಗಿಯೇ ಶಿವನೆ ಮರವನ್ನು ಸೂಚಿಸಿದರು. ಅದು ಹಗುರ, ಬಣ್ಣ ತಿಳಿ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ದುಬಾರಿಯದನ್ನು ಕೊಳ್ಳುವಂತೆ ಅವರು ಒಮ್ಮೆಯೂ ಒತ್ತಾಯಿಸಲಿಲ್ಲ.

ಈ ಅಂಗಡಿಯ ನಿಜವಾದ ಹೆಚ್ಚುಗಾರಿಕೆ ಅದಾದ ಮೇಲಿನ ಮಾತುಕತೆಯಲ್ಲಿ ಕಾಣಿಸಿತು. ಮೂರಕ್ಕೂ ಒಂದೇ ವಿನ್ಯಾಸ ಸಾಕೆಂದು ನಾವು ಅಂದುಕೊಂಡಿದ್ದೆವು, ಅವರು ಒಪ್ಪಲಿಲ್ಲ. ಯಾರಿಗೆ, ಯಾವ ಕೆಲಸಕ್ಕಾಗಿ ಕೊಡುತ್ತಿದ್ದೀರಿ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ನನಗೆ ಆಗ ಪತ್ರಿಕೋದ್ಯಮ, ಸಾಹಿತ್ಯಗಳಿಗೆ ಅಮೆರಿಕದಲ್ಲಿ ಕೊಡುವ ಪುಲಿಟ್ಜರ್ ಪ್ರಶಸ್ತಿ ನೆನಪಾಯಿತು. 1917ರಿಂದ ಕೊಡಲಾಗುತ್ತಿರುವ ಆ ಪ್ರಶಸ್ತಿಯಲ್ಲಿ ಚಿನ್ನದ ಪದಕ ಸಿಗುವುದು ಸಾರ್ವಜನಿಕ ಸೇವೆಯ ವಿಭಾಗಕ್ಕೆ ಮಾತ್ರ; ಅದರ ಒಂದು ಮುಖದಲ್ಲಿ ಮುದ್ರಕರೂ ಆಗಿದ್ದ ಬೆಂಜಮಿನ್ ಫ್ರಾಂಕ್ಲಿನ್, ಇನ್ನೊಂದು ಮುಖದಲ್ಲಿ ಅಚ್ಚಿನ ಯಂತ್ರದ ಮುಂದೆ ಕೆಲಸ ಮಾಡುತ್ತಿರುವ ಮುದ್ರಕ. ಏತಕ್ಕಾಗಿ ಈ ಗೌರವ ಎಂಬುದನ್ನು ಆ ಪದಕವೇ ಹೇಳುತ್ತದೆ. ಇದನ್ನು ವಿವರಿಸಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪತ್ರಿಕೋದ್ಯಮದ ಫಲಕಕ್ಕೆ ಅಚ್ಚುಮೊಳೆ ಜೋಡಿಸುವ ಎರಡು ಕೈಗಳನ್ನು ಸೀಸದಕಡ್ಡಿಯಲ್ಲಿ ಬರೆದು ತೋರಿಸಿದರು. ಸಾಹಿತ್ಯಕ್ಕೆ ತಾಳೆಗರಿಯ ಕಟ್ಟು. ಕಲೆಯ ಫಲಕಕ್ಕೆ ಹಸೆ ಚಿತ್ತಾರ: ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ಆ ಗೆರೆಗಳನ್ನು ಉಳಿಯಲ್ಲಿ ತರುವುದು ಕಷ್ಟ, ಏಕೆಂದರೆ ಚಿತ್ತಾರದ ಸೊಗಸಿರುವುದೇ ಅದರ ತೆಳುವಿನಲ್ಲಿ. ಎಳೆ ತುಂಡಾಗದಂತೆ ಅವರು ಕೆತ್ತಿರುವ ರೀತಿಯನ್ನು ನಾನು ಎಷ್ಟು ಸಲ ನೋಡಿದರೂ ತೃಪ್ತಿಯಾಗಿಲ್ಲ.

ಹೆಗ್ಗೋಡು ಇದೇ ಸಾಗರ ತಾಲ್ಲೂಕಿನಲ್ಲಿದೆ. ಅಲ್ಲಿನ ರಂಗಸಂಸ್ಥೆ ನೀನಾಸಂನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ. ನಮ್ಮ ಬಳಗ ಈ ಮೂರನ್ನು ಒಟ್ಟಿಗೆ ಇಟ್ಟುಕೊಂಡದ್ದೂ ಆ ನೆನಪಿನಿಂದಲೇ.

ಕೊರತೆಗಳನ್ನೂ ಹೇಳಬೇಕು. ಹೆಸರು ಮತ್ತು ಒಕ್ಕಣೆಯನ್ನು ಹಿತ್ತಾಳೆ ತಗಡಿನ ಮೇಲೆ ಕೊರೆಯುವ ಕೆಲಸವನ್ನು ಅವರು ಹೊರಗೆ ಕೊಡುತ್ತಾರೆ. ನಾವು ಯೂನಿಕೋಡ್‌ನಲ್ಲಿ ಕಳಿಸಿದ ಬರಹ ಅಲ್ಲಿನ ಯಂತ್ರದಲ್ಲಿ ಒಡೆದು, ‘ಪತ್ರಿಕೋದ್ಯಮ’ದ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಬಂದು ಕೂತಿತು. ಒಂದು ಭಾಷೆಯಲ್ಲಿ ಬರೆದವರನ್ನು ಗೌರವಿಸುವ ಫಲಕದಲ್ಲಿ ಆ ಭಾಷೆಯೇ ತಪ್ಪಾಗಿರುವುದನ್ನು ಸಹಿಸಲಾಗದು. ಅಂಗಡಿಯವರು ವಾದಕ್ಕೆ ನಿಲ್ಲದೆ ತಗಡನ್ನು ಕಿತ್ತು ಹೊಸದನ್ನು ಮಾಡಿಸಿದರು, ಅದಕ್ಕೆ ಹಣವನ್ನೂ ಪಡೆಯಲಿಲ್ಲ. ಆದರೆ ನಾಲ್ಕು ದಿನ ಹೋಯಿತು, ಸಮಾರಂಭದ ಹಿಂದಿನ ಸಂಜೆಯವರೆಗೂ ನಮಗೆ ನೆಮ್ಮದಿ ಇರಲಿಲ್ಲ. ಮಾಡಿಸುವವರು ಒಕ್ಕಣೆಯ ಅಚ್ಚನ್ನು ಕಾಗದದ ಮೇಲೆ ನೋಡಿ, ಓದಿ, ಸಹಿ ಹಾಕಿಯೇ ಕೊರೆಯಲು ಬಿಡಬೇಕು. ಇನ್ನೊಂದು ಸಂಗತಿ: ಮಳೆಗಾಲದಲ್ಲಿ ಆತುರಪಟ್ಟು ಮಾಡಿಸಬಾರದು. ಆಷಾಢದ ಥಂಡಿಯಲ್ಲಿ ಮರ ಸರಿಯಾಗಿ ಆರುವುದಿಲ್ಲ. ನಮ್ಮ ಒಂದು ಫಲಕದ ಹಿಂಬದಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿದೆ.

ಒಂದು ಫಲಕಕ್ಕೆ 2,600 ರೂಪಾಯಿ ಆಯಿತು, ಆರು ವಾರ ಹಿಡಿಯಿತು. ಅಕ್ರಿಲಿಕ್ ಹಲಗೆಗೆ ಹೋಲಿಸಿದರೆ ಇದು ಹೆಚ್ಚು. ಹನ್ನೆರಡು ದಿನದ ಕೈಕೆಲಸಕ್ಕೆ ಹೋಲಿಸಿದರೆ ಕಡಿಮೆಯೇ ಎಂದು ನನ್ನ ಅಭಿಪ್ರಾಯ. ಮುಂದಿನ ವರ್ಷದ ಮೂರು ಫಲಕಗಳಿಗೆ ಬೇಸಿಗೆಯಲ್ಲೇ ಹಲಗೆ ಆರಿಸಿ ಒಣಗಿಸಿಡುವಂತೆ ಮುಂಗಡ ಕೊಟ್ಟು ಬಂದಿದ್ದೇವೆ.