ಚಿಕ್ಕಮಗಳೂರಿಗೇ ಬಂದು ಪಿಪೆಟ್ ಕ್ಯಾಲಿಬ್ರೇಷನ್ ಮಾಡಿಕೊಡುವ ಸೇವೆ: ನಮ್ಮ ಅನುಭವ

ಚಿಕ್ಕಮಗಳೂರಿನ ನಮ್ಮ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಒಂಬತ್ತು ಪಿಪೆಟ್‌ಗಳಿವೆ, ಅಂದರೆ ತೀರಾ ಸಣ್ಣ ಪ್ರಮಾಣದ ದ್ರವವನ್ನು ಅಳೆದು ಹಾಕುವ ಕೈ ಉಪಕರಣಗಳು. ಕಳೆದ ವರ್ಷದವರೆಗೂ ಅವನ್ನು ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಪರೀಕ್ಷಿಸಿ ಸರಿಪಡಿಸಲು, ಕೊರಿಯರ್‌ನಲ್ಲಿ ಹೊರಊರಿಗೆ ಕಳುಹಿಸಿ, ಹದಿನೈದು ದಿನ ಕಾದು, 'ಸರಿಯಿದೆ' ಎಂದಷ್ಟೇ ಬರೆದ ಪ್ರಮಾಣಪತ್ರವನ್ನು ಪಡೆಯುತ್ತಿದ್ದೆವು. ಸರಿಪಡಿಸುವ ಮುನ್ನ ಪಿಪೆಟ್ ಎಷ್ಟು ಅಳೆಯುತ್ತಿತ್ತು ಎಂಬುದನ್ನು ದಾಖಲಿಸದಿದ್ದರೆ, ಹಿಂದಿನ ತಿಂಗಳುಗಳಲ್ಲಿ ರೋಗಿಗಳಿಗೆ ಕೊಟ್ಟ ವರದಿಗಳು ಎಷ್ಟು ನಂಬಲರ್ಹ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆದ್ದರಿಂದ ಈ ಸಲ ಸ್ಥಳಕ್ಕೇ ಬರುವ ಸೇವೆಯೊಂದನ್ನು ಕರೆಸಿದೆವು.

ಬಂದ ತಂತ್ರಜ್ಞರು ಮೊದಲು ಯಾವುದನ್ನೂ ಬಿಚ್ಚಲಿಲ್ಲ, ಒರೆಸಲೂ ಇಲ್ಲ. ಪಿಪೆಟ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8655ರ ತೂಕದ ವಿಧಾನದಂತೆ, ಪಿಪೆಟ್‌ನ ಪೂರ್ಣ ಅಳತೆ, ಅರ್ಧ ಮತ್ತು ಹತ್ತನೆಯ ಒಂದು ಭಾಗದಲ್ಲಿ ಹತ್ತತ್ತು ಸಲ ಶುದ್ಧ ನೀರನ್ನು ಹಾಕಿ, 0.01 ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದುಕೊಂಡರು. ನಾವು ದಿನವೂ ಬಳಸುವ 100 ಮೈಕ್ರೋಲೀಟರ್ ಪಿಪೆಟ್‌ನ ತೂಕಗಳು ಹತ್ತೂ ಬಾರಿ 98.1 ಮಿಲಿಗ್ರಾಂನ ಆಸುಪಾಸಿನಲ್ಲೇ ನಿಂತವು. ಉಷ್ಣಾಂಶ, ಗಾಳಿಯ ಒತ್ತಡಗಳಿಗೆ ತಕ್ಕಂತೆ ತೂಕವನ್ನು ಗಾತ್ರಕ್ಕೆ ಬದಲಿಸಿ ಲೆಕ್ಕ ಹಾಕಿದರೆ ಸರಾಸರಿ 98.4 ಮೈಕ್ರೋಲೀಟರ್. ಅನುಮತಿ ಇರುವ ದೋಷ 0.8 ಮೈಕ್ರೋಲೀಟರ್ ಮಾತ್ರ, ನಮ್ಮದು ಅದರ ಎರಡರಷ್ಟು. ಹತ್ತು ಸಲವೂ ಒಂದೇ ರೀತಿ ತಪ್ಪುವ ಇಂತಹ ಪಿಪೆಟ್ ಬಹಳ ಅಪಾಯಕಾರಿ, ಏಕೆಂದರೆ ಒಂದೇ ಮಾದರಿಯನ್ನು ಎರಡು ಸಲ ಪರೀಕ್ಷಿಸಿದಾಗಲೂ ಉತ್ತರಗಳು ಹೊಂದಿಕೊಂಡು, ಎಲ್ಲವೂ ಸರಿಯಿದೆ ಎಂಬ ಭರವಸೆಯನ್ನು ಹುಟ್ಟಿಸುತ್ತವೆ. ಸರಿಪಡಿಸಿದ ಮೇಲೆ ಸರಾಸರಿ 99.9ಕ್ಕೆ ಬಂತು. 1000 ಮೈಕ್ರೋಲೀಟರ್‌ನದರಲ್ಲಿ ತೊಂದರೆ ಬೇರೆ: ಒಳಗಿನ ಗಾಳಿ ಸೋರದಂತೆ ತಡೆಯುವ ಸೀಲ್ ಸವೆದು, ದ್ರವ ತುಂಬುವ ಕೊಳವೆಯಾದ ಟಿಪ್‌ನ ತುದಿಯಲ್ಲಿ ಹನಿ ಕಟ್ಟುತ್ತಿತ್ತು, ಅಳತೆ ಪ್ರತಿ ಸಲವೂ ಬದಲಾಗುತ್ತಿತ್ತು. ಸೀಲ್ ಬದಲಿಸಿ, ಮತ್ತೆ ಮೂವತ್ತು ಸಲ ತೂಗಿದರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರು ನಮ್ಮ ಊರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರ್‌ಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಪಿಪೆಟ್‌ನೊಳಗೆ ಸರಿದು ದ್ರವವನ್ನು ಎಳೆಯುವ ಪಿಸ್ಟನ್‌ಗೂ ದ್ರವಕ್ಕೂ ನಡುವಿನ ಗಾಳಿ, ಮೇಲೇರಿದ ನೀರಿನ ಭಾರಕ್ಕೆ ಇಲ್ಲಿ ತುಸು ಹೆಚ್ಚೇ ಹಿಗ್ಗುವುದರಿಂದ, ಕರಾವಳಿಯಲ್ಲಿ ಸರಿಯಾಗಿದ್ದ ಪಿಪೆಟ್ ಇಲ್ಲಿ ಸ್ವಲ್ಪ ಕಡಿಮೆ ಎಳೆಯುತ್ತದೆ. ನೀರಿನ ಉಷ್ಣಾಂಶ, ಒತ್ತಡ, ತೇವಾಂಶ ಮೂರೂ ಪ್ರಮಾಣಪತ್ರದಲ್ಲಿವೆ. ಮೊದಲಿನ ಮತ್ತು ನಂತರದ ಅಳತೆಗಳೂ ಇವೆ. ಮುಂಗಾರಿನ ತೇವ, ನೀರು ಆವಿಯಾಗುವುದನ್ನು ತಗ್ಗಿಸಿ, ಈ ಕೆಲಸಕ್ಕೆ ಅನುಕೂಲವನ್ನೇ ಮಾಡಿತು.

ಒಂದು ಆಕ್ಷೇಪವಿದೆ. ಕಾರಿನಲ್ಲಿ ತಂದ ನೀರನ್ನು ಇಳಿಸಿದ ಅರ್ಧ ಗಂಟೆಯಲ್ಲೇ ತೂಗಲು ಹೊರಟಿದ್ದರು. ನೀರು, ಪಿಪೆಟ್, ಕೋಣೆ ಮೂರೂ ಒಂದೇ ಉಷ್ಣಾಂಶಕ್ಕೆ ಬರಲು ಕನಿಷ್ಠ ಎರಡು ಗಂಟೆ ಬೇಕೆಂದು ನಾನೇ ಹೇಳಿ ಕಾಯಿಸಬೇಕಾಯಿತು. ಖರ್ಚು, ಕೊರಿಯರ್ ಸೇರಿಸಿ ನೋಡಿದರೆ, ಹೆಚ್ಚುಕಡಿಮೆ ಹಿಂದಿನಷ್ಟೇ. ಆರು ತಿಂಗಳ ನಂತರ ಅವರನ್ನೇ ಕರೆಯುತ್ತೇವೆ. ನೀರನ್ನು ಮಾತ್ರ ಹಿಂದಿನ ಸಂಜೆಯೇ ನಾವೇ ತುಂಬಿಸಿ, ಪಿಪೆಟ್‌ಗಳ ಪಕ್ಕದಲ್ಲಿ ಇಟ್ಟಿರುತ್ತೇವೆ.