ಐ7 ಸ್ಟಿಕ್ಕರ್ ನೋಡಿ ಲ್ಯಾಪ್‌ಟಾಪ್ ತಗೋಬೇಡಿ: ತುಮಕೂರಿನಲ್ಲಿ ನಮಗಾದದ್ದು

ಕಾಲೇಜು ಶುರುವಾಗುವ ಹೊತ್ತಿಗೆ ತುಮಕೂರಿನ ಲ್ಯಾಪ್‌ಟಾಪ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಧುಗಿರಿ, ಶಿರಾ, ಗುಬ್ಬಿ, ಕುಣಿಗಲ್ ಕಡೆಯಿಂದ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ, ದೂರು ಇನ್ನೂ ಮುಗಿದಿಲ್ಲ. ಹೆಸರು ಗೊತ್ತಾದರೂ ಅಷ್ಟೇನೂ ಉಪಯೋಗ ಇಲ್ಲ. ಇದೇ ಆಟವನ್ನು ಪಕ್ಕದ ಅಂಗಡಿಯವನೂ ಆಡಬಹುದು.

ಲ್ಯಾಪ್‌ಟಾಪ್ ಬೇಕಿದ್ದದ್ದು ನನ್ನ ಅಕ್ಕನ ಮಗಳಿಗೆ. ಸಿವಿಲ್ ಇಂಜಿನಿಯರಿಂಗ್ ಓದುತ್ತಾಳೆ. ಕೊರಟಗೆರೆ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಲ್ಲಿ ಓಡಾಟ. ನಕ್ಷೆ ಬರೆಯುವ ಆಟೋಕ್ಯಾಡ್, ಕಟ್ಟಡದ 3ಡಿ ಮಾಡೆಲ್ ಮಾಡುವ ರೆವಿಟ್ ಎರಡೂ ಓಡಬೇಕು. ವಿದ್ಯಾರ್ಥಿಗಳಿಗೆ ಈ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಆದರೆ ಅದನ್ನು ಓಡಿಸುವ ಮೆಷೀನ್ ಪುಕ್ಕಟೆ ಸಿಗಲ್ವಲ್ಲ. ಅಕ್ಕ ಚೀಟಿ ಎತ್ತಿದ ದುಡ್ಡಲ್ಲಿ ಐವತ್ತು ಸಾವಿರ ಎತ್ತಿಟ್ಟಿದ್ದಳು.

ಸೀನಿಯರ್ ಹುಡುಗರೆಲ್ಲ ಗೇಮಿಂಗ್ ಲ್ಯಾಪ್‌ಟಾಪ್ ತಗೋ ಅಂದಿದ್ದರು. ಅವುಗಳ ತೂಕ ಎರಡೂಕಾಲು, ಎರಡೂವರೆ ಕೆಜಿ. ಜತೆಗೆ ಇಟ್ಟಿಗೆಯಂಥ ಚಾರ್ಜರ್ ಬೇರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸುಗಳು ಹೇಗಿರುತ್ತವೆ ಅಂತ ಆ ರೂಟಿನಲ್ಲಿ ಓಡಾಡುವವರಿಗೆ ಗೊತ್ತು. ಸೀಟು ಸಿಕ್ಕಿದರೆ ಪುಣ್ಯ. ನಿಂತು ಬರುವ ಹುಡುಗಿಗೆ ಹಗುರವಾದದ್ದೇ ಬೇಕು ಅಂತ ನಾವು ತೀರ್ಮಾನ ಮಾಡಿಕೊಂಡು ಹೋಗಿದ್ದೆವು. ಆ ತೀರ್ಮಾನ ಸರಿಯಾಗಿಯೇ ಇತ್ತು. ಅಂಗಡಿಯವನು ಹಿಡಿದುಕೊಂಡದ್ದೂ ಅದನ್ನೇ.

‘ಸಾರ್, ಹೆಣ್ಮಗು ಅಷ್ಟು ಭಾರ ಹೊತ್ಕೊಂಡು ಓಡಾಡೋಕಾಗುತ್ತಾ? ಇದು ನೋಡಿ, ಒಂದೂಕಾಲು ಕೆಜಿ. ಐ7 ಸಾರ್, ಇದರ ಮೇಲೆ ಇನ್ನೇನಿಲ್ಲ. ಶೋರೂಮಲ್ಲಿ ಎಂಬತ್ತು ಸಾವಿರ ಹೇಳ್ತಾರೆ. ನಾವು ಸ್ಟಾಕ್ ಕ್ಲಿಯರ್ ಮಾಡ್ತಾ ಇದ್ದೀವಿ, ಮೂವತ್ತೆರಡಕ್ಕೆ ಕೊಡ್ತೀನಿ.’

ನೋಡಲು ಚೆನ್ನಾಗಿತ್ತು. ತೆಳ್ಳಗೆ, ಲೋಹದ ಮೈ, ಒಂದು ಗೀರೂ ಇಲ್ಲ. ಕೀಲಿಮಣೆಯ ಪಕ್ಕದಲ್ಲಿ ಹೊಳೆಯುವ ಐ7 ಸ್ಟಿಕ್ಕರ್. ಐ7 ಅಂದರೆ ಇಂಟೆಲ್ ಕಂಪನಿಯ ಒಂದು ಸಾಲಿನ ಪ್ರೊಸೆಸರ್, ಲ್ಯಾಪ್‌ಟಾಪಿನ ಮಿದುಳಿದ್ದ ಹಾಗೆ. ಬಿಲ್ಲು ಕೇಳಿದೆ. ‘ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತೆ, ಸುಮ್ನೆ ಯಾಕೆ ಸಾರ್? ವಾರಂಟಿ ನಮ್ದೇ ಒಂದು ವರ್ಷ’ ಅಂದ. ಒಂದು ಎಸ್ಟಿಮೇಟ್ ಚೀಟಿಯಲ್ಲಿ ‘ಲ್ಯಾಪ್‌ಟಾಪ್ ಐ7, 8/256’ (8 ಜಿಬಿ ರ‍್ಯಾಮ್, ಫೈಲ್ ಇಡಲು 256 ಜಿಬಿ ಜಾಗ) ಅಂತ ಬರೆದು ಸೀಲು ಒತ್ತಿಕೊಟ್ಟ. ದುಡ್ಡು ಹೋಗಿದ್ದು ಕೌಂಟರ್ ಮೇಲಿದ್ದ ಕ್ಯೂಆರ್ ಕೋಡ್‌ಗೆ. ಫೋನಲ್ಲಿ ಕಾಣಿಸಿದ್ದು ಅಂಗಡಿಯ ಹೆಸರಲ್ಲ, ಯಾರೋ ಒಬ್ಬರ ಸ್ವಂತ ಹೆಸರು.

ಮೊದಲು ಎಲ್ಲ ಸರಿಯಾಗೇ ಇತ್ತು. ಟೈಪ್ ಮಾಡುವುದು, ವಿಡಿಯೊ ನೋಡುವುದು, ಆಟೋಕ್ಯಾಡಲ್ಲಿ ಸಣ್ಣಪುಟ್ಟ ಪ್ಲಾನು. ರೆವಿಟ್‌ನಲ್ಲಿ ಎರಡಂತಸ್ತಿನ ಮನೆಯ ಮಾಡೆಲ್ ಶುರುವಾದ ಮೇಲೆ ಬಂಡವಾಳ ಬಯಲಾಯಿತು. ಮಾಡೆಲನ್ನು ಸ್ವಲ್ಪ ತಿರುಗಿಸಿದರೆ ಪರದೆ ನಿಂತುಬಿಡುತ್ತಿತ್ತು. ಫ್ಯಾನು ಒಂದೇ ಸಮ ಕೂಗುತ್ತಿತ್ತು. ಚಾರ್ಜರ್ ಕಿತ್ತರೆ ಒಂದು ಗಂಟೆ ಬರುವುದೂ ಕಷ್ಟ. ಹಗುರ ಅಂತ ತಗೊಂಡ ಲ್ಯಾಪ್‌ಟಾಪ್ ಜತೆ ದಿನಾ ಚಾರ್ಜರೂ ಹೊರಬೇಕು, ಕ್ಲಾಸಲ್ಲಿ ಪ್ಲಗ್ ಪಾಯಿಂಟ್ ಪಕ್ಕದ ಬೆಂಚನ್ನೇ ಹುಡುಕಬೇಕು. ಆಮೇಲೆ ವಿಂಡೋಸಿನ ದೊಡ್ಡ ಅಪ್‌ಡೇಟೊಂದು ಬಂತು. ಈ ಕಂಪ್ಯೂಟರಿಗೆ ಆಗುವುದಿಲ್ಲ ಅಂತ ತೋರಿಸಿ ಅಲ್ಲೇ ನಿಂತಿತು.

ಕಾಲೇಜಿನ ಲ್ಯಾಬಿನವರು ಅದನ್ನು ತೆಗೆದು ನೋಡಿದ ಕೂಡಲೇ ವಿಷಯ ಹೇಳಿದರು. ಒಳಗಿದ್ದದ್ದು ಐ7-7600ಯು. 2017ರ ಪ್ರೊಸೆಸರ್. ಅದರಲ್ಲಿ ಇರುವುದು ಎರಡೇ ಕೋರ್. ಕೋರ್ ಅಂದರೆ ಪ್ರೊಸೆಸರಿನ ಒಳಗೆ ನಿಜವಾಗಿ ಕೆಲಸ ಮಾಡುವ ಘಟಕ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಬೀಳುವುದು ಇಲ್ಲೇ. ಐ3ಗಿಂತ ಐ5 ಮೇಲು, ಐ5ಗಿಂತ ಐ7 ಮೇಲು ಅನ್ನುವುದು ಒಂದೇ ಪೀಳಿಗೆಯೊಳಗೆ (ಜನರೇಷನ್) ಮಾತ್ರ ಸರಿ. ಪೀಳಿಗೆ ಯಾವುದು ಅನ್ನುವುದು ಅಡ್ಡಗೆರೆಯ ನಂತರದ ಸಂಖ್ಯೆಯಲ್ಲಿ ಇರುತ್ತದೆ. 7600ಯು ಅಂದರೆ ಏಳನೆಯದು. 8250ಯು ಎಂಟನೆಯದು. 1215ಯು ಹನ್ನೆರಡನೆಯದು. 2022ರಲ್ಲಿ ಬಂದ ಐ3-1215ಯುನಲ್ಲಿ ಆರು ಕೋರ್ ಇವೆ. ಅಂದರೆ ಹೊಸ ಐ3 ಮುಂದೆ ಆ ಹಳೇ ಐ7 ನಿಲ್ಲುವುದಿಲ್ಲ. ಆದರೆ ಸ್ಟಿಕ್ಕರ್ ನೋಡಿದವರಿಗೆ ಏಳೇ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಕೊನೆಯ ಅಕ್ಷರವನ್ನೂ ನೋಡಿ. ಯು ಅಂದರೆ ಬ್ಯಾಟರಿ ಉಳಿಸುವ ಕಡಿಮೆ ಪವರಿನದು. ಎಚ್ ಅಂದರೆ ಜಾಸ್ತಿ ಪವರ್, ಜಾಸ್ತಿ ಬಿಸಿ. 2023ರ ಕೊನೆಯಿಂದ ಇಂಟೆಲ್ ತನ್ನ ಹೊಸ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಐ ಅಕ್ಷರವನ್ನೇ ಕೈಬಿಡುತ್ತಾ ಬಂದಿದೆ, ಕೋರ್ 5, ಕೋರ್ ಅಲ್ಟ್ರಾ 5 ಅನ್ನುತ್ತದೆ. ಹಾಗಾಗಿ ‘ಐ7 ಹೊಸ ಮಾಡೆಲ್’ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬರ್ ತೋರಿಸಿ ಅನ್ನಿ.

ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಂಡಿಯಲ್ಲೂ ಇಂಥದ್ದೇ ಗೊಂದಲ ಇದೆ. ರೈಜೆನ್ 5 7520ಯು, ರೈಜೆನ್ 5 7530ಯು ಅಂತ ಎರಡು ಬರುತ್ತವೆ. ಕೇಳಿದರೆ ಅಣ್ಣತಮ್ಮಂದಿರ ಹಾಗಿವೆ. ಮೊದಲನೆಯದರಲ್ಲಿ ನಾಲ್ಕು ಕೋರ್, ಒಳಗಿನ ವಿನ್ಯಾಸ ಹಳೆಯದು. ಎರಡನೆಯದರಲ್ಲಿ ಆರು ಕೋರ್. ಈ ಸಾಲಿನಲ್ಲಿ ಮೂರನೇ ಅಂಕಿಯೇ ವಿನ್ಯಾಸ ಎಷ್ಟು ಹೊಸದು ಅಂತ ಹೇಳುತ್ತದೆ. 7 ಅಂತ ಶುರುವಾಗಿದೆ, ಎರಡೂ ಒಂದೇ ಅಂದುಕೊಂಡರೆ ಕೆಟ್ಟಿರಿ.

ಇನ್ನು ವಿಂಡೋಸ್ 11. ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಬೇಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಏಳನೆಯದರಲ್ಲಿ ಒಂದೆರಡು ಬಿಟ್ಟರೆ ಮಿಕ್ಕವು ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಅಂಗಡಿಯವನು ಆ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿದ್ದ. ಹೊರಗಿಂದ ನೋಡಿದರೆ ಹೊಸ ಲ್ಯಾಪ್‌ಟಾಪಿನ ಹಾಗೇ ಕಾಣುತ್ತದೆ, ಮುಂದೆ ದೊಡ್ಡ ಅಪ್‌ಡೇಟ್ ಬಂದಾಗ ಕೈಕೊಡುತ್ತದೆ. ವಿಂಡೋಸ್ 10ಕ್ಕೆ ವಾಪಸ್ ಹೋಗೋಣ ಅಂದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ರ‍್ಯಾಮ್, ಅಂದರೆ ಕೆಲಸ ನಡೆಯುವಾಗ ಲ್ಯಾಪ್‌ಟಾಪ್ ಬಳಸುವ ಮೆಮೊರಿ, ಅದರ ಕಥೆ ಬೇರೆ. ರೆವಿಟ್‌ನ ಈಚಿನ ಆವೃತ್ತಿಗಳಿಗೆ 16 ಜಿಬಿ ರ‍್ಯಾಮ್ ಬೇಕು. ನಮ್ಮದರಲ್ಲಿ ಇದ್ದದ್ದು 8. ‘ಆಮೇಲೆ ಹಾಕಿಸ್ಕೊಬಹುದು ಸಾರ್’ ಅಂದಿದ್ದ. ಹಿಂದಿನ ಮುಚ್ಚಳ ತೆಗೆಸಿದರೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದೆ, ಹಾಕಿಸಲು ಜಾಗವೇ ಇಲ್ಲ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಇದು ತೀರಾ ಮಾಮೂಲಿ. ತಗೊಳ್ಳುವ ದಿನ ಎಷ್ಟಿದೆಯೋ ಕೊನೆವರೆಗೂ ಅಷ್ಟೇ.

ಕೆಳಗಿದ್ದ ಸೀರಿಯಲ್ ನಂಬರನ್ನು ತಯಾರಿಸಿದ ಕಂಪನಿಯ ವೆಬ್‌ಸೈಟಿಗೆ ಹಾಕಿದೆವು. ವಾರಂಟಿ ಮುಗಿದು ವರ್ಷಗಳೇ ಆಗಿತ್ತು. ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಲಾಟಿನಲ್ಲಿ ಮಾರುವ ಇಂಥ ಲ್ಯಾಪ್‌ಟಾಪುಗಳು ಒರೆಸಿಕೊಂಡು, ಹೊಸ ಸ್ಟಿಕ್ಕರ್ ಅಂಟಿಸಿಕೊಂಡು ನಮ್ಮೂರಿಗೂ ಬರುತ್ತವೆ. ಹಾಗಂತ ಸೆಕೆಂಡ್ ಹ್ಯಾಂಡ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಂಟನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು, ಬ್ಯಾಟರಿ ಬದಲಾಗಿದೆ, ‘ಬಳಸಿದ್ದು’ ಅಂತ ಬಿಲ್ಲಿನಲ್ಲೇ ಬರೆದಿದೆ ಅಂದರೆ ಧಾರಾಳವಾಗಿ ತಗೊಳ್ಳಿ. ಹಳೆಯದನ್ನು ಹೊಸದು ಅಂತ ಮಾರುವುದು ಮೋಸ.

ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆಯೇ ಇದನ್ನೆಲ್ಲ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋದರೆ ಪ್ರೊಸೆಸರಿನ ಪೂರ್ತಿ ನಂಬರ್, ಎಷ್ಟು ಕೋರ್, ಎಷ್ಟು ರ‍್ಯಾಮ್ ಎಲ್ಲ ಕಾಣುತ್ತದೆ. ಬ್ಯಾಟರಿಗೆ ಇನ್ನೊಂದು ದಾರಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’ ಅಂತ ಹೊಡೆದು, ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ, ‘ಬ್ಯಾಟರಿರಿಪೋರ್ಟ್’ ಅಂತ ಕೂಡಿಸಿ ಹೊಡೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು, ಹೀಗೆ: powercfg /batteryreport ಒಂದು ಫೈಲ್ ಸಿಗುತ್ತದೆ. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಎರಡೂ ಅದರಲ್ಲಿ ಇರುತ್ತವೆ. ನಮ್ಮದು ಅರ್ಧಕ್ಕೆ ಇಳಿದಿತ್ತು. ಇದನ್ನು ಮಾಡಲು ಬಿಡುವುದಿಲ್ಲ ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಹೊಸದೇ ಬೇಕು, ಅಗ್ಗವೂ ಬೇಕು ಅನ್ನುವವರಿಗೆ ಇನ್ನೊಂದು ಗುಂಡಿ ಇದೆ. ಇಂಟೆಲ್‌ನ ಅಗ್ಗದ ಪ್ರೊಸೆಸರ್ ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ಪೆಟ್ಟಿಗೆ ಹೊಸದು, ವಾರಂಟಿ ಹೊಸದು, ತೂಕ ಕಡಿಮೆ. ಆದರೆ ವಿಂಡೋಸ್ 11 ಕೇಳುವ ಕನಿಷ್ಠವೇ 4 ಜಿಬಿ, 64 ಜಿಬಿ. ನಿಮ್ಮ ಕೆಲಸಕ್ಕೆ ಏನೂ ಮಿಗುವುದಿಲ್ಲ. ಇಎಂಎಂಸಿ ಕೂಡ ಫೈಲ್ ಇಡುವ ಜಾಗವೇ, ಆದರೆ ಎಸ್‌ಎಸ್‌ಡಿ ಅಲ್ಲ, ಅದಕ್ಕಿಂತ ತುಂಬಾ ನಿಧಾನ. ನೋಟ್ಸ್ ಓದುವುದಕ್ಕೆ ಸಾಕು. ಇಂಜಿನಿಯರಿಂಗ್‌ಗೆ ಬೇಡವೇ ಬೇಡ.

ಭಾರದ ಲ್ಯಾಪ್‌ಟಾಪ್ ತಗೊಂಡವರೂ ಪಾರಾಗಿಲ್ಲ. ಆರ್‌ಟಿಎಕ್ಸ್ 4060 ಅಂತ ಗ್ರಾಫಿಕ್ಸ್ ಕಾರ್ಡಿನ ಹೆಸರು ಒಂದೇ ಇದ್ದರೂ, ಲ್ಯಾಪ್‌ಟಾಪಿನಲ್ಲಿ ಅದಕ್ಕೆ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟು ಬೇಕಾದರೂ ಪವರ್ ಕೊಟ್ಟಿರಬಹುದು. ಕಡಿಮೆ ವ್ಯಾಟಿನದು ಜಾಸ್ತಿ ವ್ಯಾಟಿನದರಷ್ಟು ಕೆಲಸ ಮಾಡುವುದಿಲ್ಲ. ಪೆಟ್ಟಿಗೆಯ ಮೇಲೆ ಇದನ್ನು ಬರೆಯುವವರು ಕಡಿಮೆ, ಕಂಪನಿಯ ವೆಬ್‌ಸೈಟಿನಲ್ಲೇ ಹುಡುಕಬೇಕು. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಚಾರ್ಜರ್ ಕಿತ್ತ ತಕ್ಷಣ ಗೇಮಿಂಗ್ ಲ್ಯಾಪ್‌ಟಾಪಿನ ಶಕ್ತಿ ಇಳಿದುಹೋಗುತ್ತದೆ. ಹಳ್ಳಿಯಲ್ಲಿ ಸಂಜೆ ಕರೆಂಟ್ ಹೋದಾಗ ಅದರ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕಟ್ಟಿಕೊಂಡು ಏನು ಮಾಡುವುದು?

ನಮ್ಮ ದೂರಿನ ಕಥೆ ಕೇಳಿ. ಅಂಗಡಿಗೆ ವಾಪಸ್ ಹೋದಾಗ ಅವನು ಗೋಡೆ ತೋರಿಸಿದ. ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಬೋರ್ಡು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳುವುದಿಲ್ಲ ಅನ್ನುವುದೂ ಅದರಲ್ಲೇ ಬರುತ್ತದೆ. ಇದನ್ನು ಹೇಳಿದಾಗ ‘ಹದಿನೈದು ಸಾವಿರಕ್ಕೆ ವಾಪಸ್ ತಗೊಳ್ತೀನಿ’ ಅಂದ. ಅಕ್ಕ ‘ಬೇಡ, ಪೂರ್ತಿ ಕೊಡಲಿ’ ಅಂತ ಪಟ್ಟು ಹಿಡಿದಳು. ಅವಳ ಹಟ ನನಗೆ ಇಷ್ಟವಾಯಿತು. 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದೆವು. ಅಲ್ಲಿ ಬಗೆಹರಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು.

ನಮ್ಮ ಕೈಯಲ್ಲಿರುವ ಸಾಕ್ಷಿ ಇಷ್ಟೇ: ಆ ಎಸ್ಟಿಮೇಟ್ ಚೀಟಿ, ಯುಪಿಐ ದಾಖಲೆ, ‘ಹೊಸ ಪೀಸು ಸಾರ್’ ಅಂತ ಅಂಗಡಿಯವನು ಕಳಿಸಿದ್ದ ಒಂದು ವಾಟ್ಸಾಪ್ ಮೆಸೇಜು. ಆ ಮೆಸೇಜೇ ಈಗ ದೊಡ್ಡ ಆಧಾರ. ನೀವು ಬೆಲೆ ಕೇಳುವಾಗ ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ. ಮಾಡೆಲ್ ನಂಬರ್, ಹೊಸದೋ ಹಳೆಯದೋ, ವಾರಂಟಿ ಯಾರದ್ದು, ಎಲ್ಲ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರ್ ನಿಜವೋ ಅಲ್ಲವೋ ಅಂತ ಜಿಎಸ್‌ಟಿ ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು.

ಹುಡುಗಿಯ ಓದು ಕಾಯುವುದಿಲ್ಲವಲ್ಲ, ಅಷ್ಟರಲ್ಲಿ ಬೇರೆ ತಗೊಂಡೆವು. ರೈಜೆನ್ 5 7530ಯು, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ತೂಕ ಒಂದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎರಡಂತಸ್ತಿನ ಆ ಮನೆ ಇದರಲ್ಲಿ ಆರಾಮಾಗಿ ತಿರುಗುತ್ತದೆ. ರೆಂಡರಿಂಗ್‌ನಂಥ ಭಾರದ ಕೆಲಸ ಬಂದರೆ ಕಾಲೇಜಿನ ಲ್ಯಾಬಿನ ಡೆಸ್ಕ್‌ಟಾಪಿನಲ್ಲಿ ಮಾಡಿಕೊಂಡು ಬರುತ್ತಾಳೆ. ಈ ಸಲ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆಯ ಮೇಲಿನದಕ್ಕೂ ಲ್ಯಾಪ್‌ಟಾಪಿನ ಕೆಳಗಿನದಕ್ಕೂ ಅವಳೇ ತಾಳೆ ನೋಡಿದ ಮೇಲೆ ದುಡ್ಡು ಕೊಟ್ಟೆವು.